ವೈದ್ಯರಿಗೇಕೆ ತಾಲೀಮು ಬೇಡ?

ಕಳೆದ ವಾರ ನಮ್ಮ ಬಡಾವಣೆಯ ಹಿರಿಯ ವೈದ್ಯರೊಬ್ಬರು, "ಈಗಿನ ಹುಡುಗರು ಬೊಂಬೆಗೆ ಚಿಕಿತ್ಸೆ ಮಾಡಿ ಡಾಕ್ಟರಾಗುತ್ತಾರಂತೆ! ನಾವು ರೋಗಿಯ ಮಂಚದ ಬಳಿ ನಿಂತು ಕಲಿತವರು, ಮೇಷ್ಟ್ರೇ" ಎಂದು ನಕ್ಕರು. ಅವರ ಕೈಗುಣದಲ್ಲಿ ನನಗೆ ಪೂರ್ಣ ನಂಬಿಕೆಯುಂಟು. ಈ ಮಾತಿನಲ್ಲಿ ಇಲ್ಲ. ಮಂಚದ ಬಳಿ ಅವರು ಕಲಿತದ್ದೇನೋ ನಿಜ. ಮಂಚದ ಮೇಲೆ ಮಲಗಿದ್ದವನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ.

ಕನ್ನಡ ಪಾಠ ಹೇಳುವವನಿಗೆ ವೈದ್ಯಶಾಸ್ತ್ರದಲ್ಲಿ ಏನು ಅಧಿಕಾರ ಎಂದು ಓದುಗರು ಕೇಳಬಹುದು. ಆ ಮಂಚದ ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ ನನ್ನ ಅಧಿಕಾರ. ಮೂರು ವರ್ಷದ ಹಿಂದೆ ಒಂದು ರಾತ್ರಿ, ಇನ್ಸುಲಿನ್ ತೆಗೆದುಕೊಳ್ಳುವ ನಮ್ಮ ಚಿಕ್ಕಪ್ಪ ಊಟ ತಡವಾದದ್ದರಿಂದ ಬೆವತು, ತೊದಲಿ, ನನ್ನನ್ನೇ ಯಾರೆಂದು ಕೇಳಿದರು. ಆಸ್ಪತ್ರೆಯ ತರುಣ ವೈದ್ಯ ಪಾರ್ಶ್ವವಾಯುವೆಂದು ಬಗೆದು ತಲೆಯ ಸ್ಕ್ಯಾನಿಗೆ ಬರೆದ. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದ್ದು ಮುಕ್ಕಾಲು ಗಂಟೆಯ ಮೇಲೆ, ಅದೂ ವಯಸ್ಸಾದ ನರ್ಸಮ್ಮ ಹೇಳಿದ್ದರಿಂದ. 70ಕ್ಕಿಂತ ಇಳಿದರೇ ಎಚ್ಚರ ಬೇಕಾದ ಸಕ್ಕರೆ 34ಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದ ಹತ್ತು ನಿಮಿಷಕ್ಕೆ ಚಿಕ್ಕಪ್ಪ, "ಊಟ ಆಯ್ತೇನೋ?" ಎಂದರು.

ಆ ಹುಡುಗನನ್ನು ನಾನು ದೂರಲಾರೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿದ್ದರೆ ಹತ್ತಕ್ಕೆ ಹತ್ತು ಪಡೆಯುತ್ತಿದ್ದ. ಗೊತ್ತಿದ್ದ ವಿದ್ಯೆ, ರಾತ್ರಿ ಹನ್ನೊಂದಕ್ಕೆ ಮನೆಯವರು ಅಳುತ್ತ ನಿಂತಾಗ, ಕೈಗೆ ಬರಲಿಲ್ಲ.

ಇದಕ್ಕಿಂತ ಜಟಿಲವಾದವೂ ಇವೆ. ಮಧುಮೇಹ ವಿಕೋಪಕ್ಕೇರಿ ರಕ್ತ ಆಮ್ಲವಾದಾಗ ಇನ್ಸುಲಿನ್ನೇ ಮದ್ದು. ಆದರೆ ಅದು ರಕ್ತದ ಪೊಟ್ಯಾಸಿಯಮ್ಮನ್ನು ಜೀವಕೋಶಗಳೊಳಕ್ಕೆ ತಳ್ಳುತ್ತದೆ. ಮೊದಲೇ ಕಡಿಮೆಯಿದ್ದವನಿಗೆ ಆತುರದಿಂದ ಕೊಟ್ಟರೆ ಗುಂಡಿಗೆಯ ತಾಳ ತಪ್ಪುತ್ತದೆ. ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವನು ಥಟ್ಟನೆ ನಿಲ್ಲಿಸಿ, ರಕ್ತದೊತ್ತಡ ಕುಸಿದು ಬಂದನೆನ್ನಿ: ವರದಿಗಾಗಿ ಕಾಯದೆ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಚುಚ್ಚಬೇಕು. ಒಂದು ಕಡೆ ತಡೆದು ನೋಡಬೇಕು, ಇನ್ನೊಂದು ಕಡೆ ತಡೆಯಲೇಕೂಡದು. ಇಂಥ ರೋಗಿ ಹೌಸ್‌ಸರ್ಜನ್ನನಿಗೆ ವರ್ಷವಿಡೀ ಎದುರಾಗದೆಯೂ ಹೋಗಬಹುದು. ಮಂಚವನ್ನು ಹೊಗಳುವ ಮಹಾಶಯರು ಇದಕ್ಕೆ ಏನೆನ್ನುತ್ತಾರೆ?

ಬೊಂಬೆ ಉಸಿರಾಡುತ್ತದೆ, ಅದಕ್ಕೆ ನಾಡಿಯುಂಟು. ಗುರು ಗಾಜಿನ ಹಿಂದೆ ಕುಳಿತು ಅದರ ರಕ್ತದೊತ್ತಡ ಇಳಿಸುತ್ತಾನೆ. ಶಿಷ್ಯ ತಪ್ಪಿದರೆ ಯಾರೂ ಸಾಯುವುದಿಲ್ಲ. ಆಮೇಲೆ ಎಲ್ಲರೂ ಕುಳಿತು, ಎಲ್ಲಿ ತಪ್ಪಿದೆವೆಂದು ಬಿಚ್ಚಿ ಮಾತಾಡುತ್ತಾರೆ; ನಿಜವಾದ ಪಾಠ ಅಲ್ಲಿಯೇ. ಎಡ್ವಿನ್ ಲಿಂಕ್ 1929ರಲ್ಲೇ ವಿಮಾನ ಚಾಲಕರಿಗೆ ನೆಲದ ಮೇಲೆ ಹಾರಲು ಕಲಿಸುವ ಯಂತ್ರ ಮಾಡಿದ. ನಮ್ಮ ಕಾಲೇಜಿನ ನಾಟಕಕ್ಕೂ ನಲವತ್ತು ದಿನ ತಾಲೀಮು ನಡೆಯುತ್ತದೆ. ಅಲ್ಲಿ ಮಾತು ಮರೆತರೆ ಹೋಗುವುದು ಮಾನ ಮಾತ್ರ.

ಬಡದೇಶಕ್ಕೆ ಇವೆಲ್ಲ ದುಬಾರಿ ಎಂಬುದು ಇನ್ನೊಂದು ಸಬೂಬು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ 'ಸಿಂಬಾ' ಎಂಬ ಕ್ರಮದಲ್ಲಿ ಬೊಂಬೆಯೇ ಇಲ್ಲ. ಕಲಿಸುವವನು ವಾಟ್ಸಾಪಿನಲ್ಲಿ ರೋಗಿಯಾಗಿ ಉತ್ತರಿಸುತ್ತಾನೆ, ಕಲಿಯುವವನು ಪ್ರಶ್ನೆ ಕೇಳಿ, ಪರೀಕ್ಷೆ ಬರೆದು, ಮದ್ದು ನಿರ್ಧರಿಸುತ್ತಾನೆ. ವಾಟ್ಸಾಪಿಗೆ ನಮ್ಮಲ್ಲಿ ಬಡತನವೇ?

2019ರಲ್ಲಿ ಬಂದ ಹೊಸ ವೈದ್ಯಪಠ್ಯಕ್ರಮ ಕೌಶಲ ಪ್ರಯೋಗಾಲಯ ಬೇಕೆಂದಿತು. ಒಂದು ಕಾಲೇಜಿನಲ್ಲಿ ಅದನ್ನು ನೋಡಲು ಹೋಗಿದ್ದೆ. ಬೀಗದ ಕೈ ಅಟೆಂಡರನ ಬಳಿ, ಅಟೆಂಡರ್ ರಜದಲ್ಲಿ. ಕಿಟಕಿಯಿಂದ ಇಣುಕಿದರೆ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಬೊಂಬೆ ಮಲಗಿತ್ತು. ತಪಾಸಣೆಯವರು ಬಂದ ದಿನ ಎಬ್ಬಿಸುತ್ತಾರಂತೆ.

ಬೊಂಬೆಗೆ ಹೆಂಡತಿ ಮಕ್ಕಳಿಲ್ಲ, ಆದ್ದರಿಂದ ಭಯ ಕಲಿಸಲಾರದು ಎಂಬ ಆಕ್ಷೇಪವೊಂದನ್ನು ಮಾತ್ರ ಒಪ್ಪುತ್ತೇನೆ. ಆ ಕೋಣೆಯ ಬೀಗ ತೆಗೆಯಲಿ. ಅಳುವ ಬಂಧುವಿನ ಪಾತ್ರಕ್ಕೆ ನಾನೇ ಬರುತ್ತೇನೆ. ಮಾತುಗಳು ಬಾಯಿಪಾಠವಾಗಿವೆ.