ನೋಡುವವರೇ ಹಂಚುವ ನೇರಪ್ರಸಾರ: ನಮಗೆ ಆಗುವುದೇ?



ರಾಯದುರ್ಗ, ಗುಮ್ಮಘಟ್ಟ, ಮಡಕಶಿರಾ ಕಡೆಯ ಸದಸ್ಯರೆಲ್ಲ ಒಂದೇ ಸಭಾಂಗಣದಲ್ಲಿ ಸೇರುವುದು ಕಷ್ಟ. ರಾಜ್ಯೋತ್ಸವವನ್ನು ನೇರಪ್ರಸಾರ ಮಾಡಿ ಎಂಬ ಒತ್ತಾಯ ಅದಕ್ಕೇ. ಸ್ವಂತ ಸರ್ವರ್ ಇಟ್ಟರೆ ನೋಡುಗರು ಹೆಚ್ಚಿದಷ್ಟೂ ಖರ್ಚು. ಯೂಟ್ಯೂಬ್ ಉಚಿತ, ಆದರೆ ಜಾಹೀರಾತು, ನಿಯಮ ಎಲ್ಲ ಅವರದೇ. ಕೆಲವು ಯುವ ಸದಸ್ಯರು ಪೀರ್‌ಟ್ಯೂಬ್ ಸೂಚಿಸಿದ್ದಾರೆ. ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆ 2018ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ 2021ರಲ್ಲಿ ನೇರಪ್ರಸಾರವೂ ಸೇರಿತು. ಇದರಲ್ಲಿ ನನ್ನ ಕಂಪ್ಯೂಟರಿಗೆ ಬಂದ ವಿಡಿಯೊ ತುಣುಕು ನಿಮ್ಮದಕ್ಕೆ, ನಿಮ್ಮದರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಸರ್ವರಿನ ಹೊರೆ ಇಳಿಯುತ್ತದೆ.

ಅದು ಎಲ್ಲರೂ ಕೊಟ್ಟಾಗಿನ ಮಾತು. 2000ದಲ್ಲಿ ನುಟೆಲ್ಲಾ ಎಂಬ ಕಡತ ಹಂಚಿಕೆ ಜಾಲವನ್ನು ಪರಿಶೀಲಿಸಿದ ಅಡಾರ್ ಮತ್ತು ಹುಬರ್ಮನ್ ಅವರಿಗೆ ಕಂಡದ್ದು, ಸುಮಾರು ಶೇ. 70ರಷ್ಟು ಬಳಕೆದಾರರು ಏನನ್ನೂ ಹಂಚುತ್ತಿರಲಿಲ್ಲ. ಮರುವರ್ಷ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್‌ನಲ್ಲಿ ಕೊಟ್ಟವರಿಗೆ ಮೊದಲು ಕೊಡುವ ಕ್ರಮ ಬಂತು. ಹೊಸಬರಿಗೆ ಆಗಾಗ ಬಿಟ್ಟಿಯಾಗಿ ಒಂದಿಷ್ಟು. ಗುಮಾಸ್ತನಾಗಿ ಖಾತೆ ಬರೆದ ನನಗೆ ಈ ಜಮಾ-ಖರ್ಚು ಹಿಡಿಸಿತು.

ಆದರೆ ನೇರಪ್ರಸಾರಕ್ಕೆ ಅದು ಅಷ್ಟು ಒಗ್ಗದು. ಕಡತದ ತುಣುಕು ತಡವಾಗಿ ಬಂದರೂ ನಡೆದೀತು. ನೇರಪ್ರಸಾರದಲ್ಲಿ ತಡವಾದ ತುಣುಕು ಕಸ. ಮುಂದಿರುವವರಿಗೆ ಹಿಂದಿರುವವರಿಂದ ಬೇಕಾದದ್ದೂ ಏನಿರುವುದಿಲ್ಲ. ಕೆರೆಯ ಅಚ್ಚುಕಟ್ಟಿನಲ್ಲೂ ತೂಬಿನ ಬಳಿಯ ರೈತನಿಗೆ ಕೊನೆಯ ಗದ್ದೆಯವನಿಂದ ಆಗಬೇಕಾದದ್ದಿಲ್ಲ. ಅದಕ್ಕೇ ಹಿರಿಯರು ನೀರಗಂಟಿಯನ್ನು ಇಟ್ಟದ್ದು. ಹೆಚ್ಚು ಹಂಚಿದವರಿಗೆ ಸ್ಪಷ್ಟ ಚಿತ್ರ, ಹಂಚದವರಿಗೆ ಮಸುಕು ಚಿತ್ರ ಎಂಬ ಉಪಾಯವನ್ನು ಸಂಶೋಧಕರು ಮುಂದಿಟ್ಟಿದ್ದಾರೆ. ನಮ್ಮಲ್ಲಿ ಅದು ಅನ್ಯಾಯವಾದೀತು. ದಿನದ ಡೇಟಾ ಮುಗಿಯುವ ಮೊಬೈಲಿನಲ್ಲಿ ನೋಡುವವರು ಹಂಚದಿದ್ದರೆ ಅದು ಜಿಪುಣತನವಲ್ಲ.

ಕೇಳದೆ ಹಂಚಿಸುವುದೂ ಸಲ್ಲದು. ಬಿಬಿಸಿಯ ಐಪ್ಲೇಯರ್ 2007ರಲ್ಲಿ ಇದೇ ಪದ್ಧತಿಯಲ್ಲಿ ಆರಂಭವಾಯಿತು. ತಮಗೆ ಅರಿವಿಲ್ಲದೆ ತಮ್ಮ ಇಂಟರ್‌ನೆಟ್ ಬಳಕೆಯಾಗುತ್ತಿದೆ ಎಂದು ಜನ ದೂರಿದರು. ಮರುವರ್ಷದ ಕೊನೆಗೆ ಬಿಬಿಸಿ ಅದರಿಂದ ಹಿಂದೆ ಸರಿಯಿತು.

ಹಾಗಾಗಿ ನನ್ನ ಸಲಹೆ ಇಷ್ಟು. ಮನೆಗೆ ಫೈಬರ್ ಸಂಪರ್ಕವಿರುವ ಸದಸ್ಯರು ಕಾರ್ಯಕ್ರಮ ಮುಗಿಯುವವರೆಗೆ ಪುಟ ಮುಚ್ಚದೆ ಹಂಚಿಕೆ ಚಾಲೂ ಇಡಲಿ. ಮೊಬೈಲಿನವರು ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಿಕೊಳ್ಳಲಿ, ಸಂಕೋಚ ಬೇಡ. ಹಂಚುವವರ ಐಪಿ ವಿಳಾಸ ಇತರ ನೋಡುಗರ ಕಂಪ್ಯೂಟರಿಗೆ ತಿಳಿಯುತ್ತದೆ, ಇದು ಗಮನದಲ್ಲಿರಲಿ. ಒಪ್ಪುವವರು ಊರಿನ ಹೆಸರಿನೊಂದಿಗೆ ಕಾರ್ಯದರ್ಶಿಗೆ ತಿಳಿಸಿ. ಹತ್ತು ಮನೆಯಾದರೂ ಸಿಕ್ಕರೆ ಮುಂದಿನ ಮಾಸಿಕ ಸಭೆಯನ್ನೇ ಪ್ರಯೋಗವಾಗಿ ಪ್ರಸಾರ ಮಾಡೋಣ.