ಬರಹ ಕಳಿಸುವವರಲ್ಲಿ ಒಂದು ಮಾತು

ಪತ್ರಿಕೆಗೆ ಬರುವ ಬರಹಗಳಲ್ಲಿ ಹೆಚ್ಚಿನವು ಈಗ ಇಮೇಲ್‌ನಲ್ಲೇ ಬರುತ್ತವೆ. ಕೆಲವನ್ನು ತೆರೆದರೆ ಕನ್ನಡವೇ ಕಾಣದು. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಬರಹಗಳಿವು. ಆ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷಿನ ಸಂಕೇತಗಳ ಜಾಗದಲ್ಲಿ ಕೂರಿಸಿದ್ದವು. ನುಡಿಯಲ್ಲಿ ‘ನ’ ಮೂಡುತ್ತಿದ್ದುದು ಪೌಂಡ್ ಚಿಹ್ನೆಯ ಜಾಗದಿಂದಲೇ. ಫಾಂಟ್ ಇಲ್ಲದ ಕಡೆ ಸಂಕೇತವಷ್ಟೇ ಉಳಿಯುತ್ತದೆ. ಹಾಗೆಂದು ಅಂಥ ಬರಹವನ್ನು ನಾವು ಹಿಂದಕ್ಕೆ ಕಳಿಸುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬಹುಪಾಲು ಲೇಖಕರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಇದ್ದ ದಾರಿ ಅದೇ. ಆ ದಾರಿ ಹಿಡಿದ ಹಿರಿಯರ ಋಣ ನಮ್ಮ ಮೇಲಿದೆ.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದರ ಕೆಲಸವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಬಲಕ್ಕಿರುತ್ತದೆ; ಯೂನಿಕೋಡಿನಲ್ಲಿ ಉಚ್ಚಾರದಂತೆ ‘ರ್’ ಮೊದಲು ಬರಬೇಕು. ‘ಕರ್ನಾಟಕ’ದಲ್ಲಿ ‘ನಾ’ ಆದ ಮೇಲಿದ್ದ ಗುರುತನ್ನು ಅದರ ಹಿಂದಕ್ಕೆ ಒಯ್ಯಬೇಕು. ‘ಮರ್ತ್ಯ’ದಂತೆ ಅದರೊಡನೆ ಒತ್ತಕ್ಷರವೂ ಸೇರಿದರೆ ಎಡವಲು ಇನ್ನಷ್ಟು ಅವಕಾಶ.

ಇದಕ್ಕಿಂತ ಹಿಡಿಯಲು ಕಷ್ಟವಾದ ತಪ್ಪೊಂದಿದೆ. ‘ರಾಜ್‌ಕುಮಾರ್’ ಎಂದು ಬರೆದಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕುಳಿತಿರುತ್ತದೆ. ಇಮೇಲಿನಿಂದ ಪುಟವಿನ್ಯಾಸಕ್ಕೆ ಸಾಗಿಸುವಾಗ ಅದು ಬಿದ್ದುಹೋದರೆ ಹೆಸರು ‘ರಾಜ್ಕುಮಾರ್’ ಆಗುತ್ತದೆ. ಅಕ್ಷರದ ಬದಲು ಚೌಕ ಬಂದರೆ ಯಾರಿಗೂ ಗೊತ್ತಾಗುತ್ತದೆ. ಇದು ಸರಿಯಾದ ಕನ್ನಡದಂತೆಯೇ ಇದ್ದು ಕರಡು ತಿದ್ದುವವರ ಕಣ್ಣು ತಪ್ಪಿಸುತ್ತದೆ. ಹಳಗನ್ನಡದ ಬಗ್ಗೆ ಬರೆಯುವವರ ೞ, ಱಗಳಿಗೂ ನಾವು ಕಾವಲಿರಬೇಕಾಗುತ್ತದೆ. ಯೂನಿಕೋಡ್ ಪಟ್ಟಿಯಲ್ಲೇ ೞಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ, ಅಷ್ಟೆ.

ನಮಗೆ ಎಲ್ಲಕ್ಕಿಂತ ನೋವಾಗುವುದು ಪದ್ಯಗಳನ್ನು ಕಂಡಾಗ. ಉದ್ದದ ಸಾಲನ್ನು ಕೆಲವು ಮೇಲ್ ತಂತ್ರಾಂಶಗಳು ತಮ್ಮ ಅಳತೆಗೆ ಮುರಿಯುತ್ತವೆ. ಸಾಲಿನ ಮೊದಲಿಗೆ ಬಿಟ್ಟ ಜಾಗವನ್ನು ಕೆಲವು ನುಂಗಿಬಿಡುತ್ತವೆ. ಕವಿ ಬೇಕೆಂದೇ ಒಳಗೆ ಸರಿಸಿದ ಸಾಲು ಎಡ ಅಂಚಿಗೆ ಬಂದು ನಿಲ್ಲುತ್ತದೆ, ಎರಡು ಚರಣಗಳ ನಡುವಿನ ಬಿಡುವು ಮಾಯವಾಗುತ್ತದೆ. ಸಾಲು ಎಲ್ಲಿ ಮುರಿಯಬೇಕೆಂಬುದು ಕವಿಗೆ ಸೇರಿದ್ದು. ಅದನ್ನು ಊಹಿಸಿ ಅಚ್ಚು ಹಾಕುವ ಹಕ್ಕು ಸಂಪಾದಕರಿಗೂ ಇಲ್ಲ.

ಆದ್ದರಿಂದ ಪದ್ಯವನ್ನು ಮೇಲ್‌ನ ಒಡಲಲ್ಲಿ ಬರೆಯದೆ ಯೂನಿಕೋಡ್ ಕಡತವಾಗಿ ಲಗತ್ತಿಸಿ, ಜೊತೆಗೆ ಪಿಡಿಎಫ್ ಇರಲಿ. ಪಿಡಿಎಫ್ ಮಾಡಲು ಬಾರದಿದ್ದರೆ ಕೈಬರಹದ ಹಾಳೆಯ ಫೋಟೋ ಸಾಕು. ಅದನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡುವುದು ನಮ್ಮ ಕೆಲಸ. ಪುಟ ಕಟ್ಟಿದ ಮೇಲೆ ಕರಡನ್ನು ನಿಮಗೆ ಕಳಿಸುತ್ತೇವೆ. ಹೆಸರುಗಳನ್ನೂ ಅರ್ಕಾವೊತ್ತುಗಳನ್ನೂ ದಯವಿಟ್ಟು ಮೊದಲು ನೋಡಿ.