ಆ 24 ಗಂಟೆ ಎಮ್ಮೆಗೆ ಸಿಗಲಿ



ಜಾನುವಾರು ವಧೆಯ ಮಾತು ಬಂದರೆ ನಮ್ಮ ರಾಜ್ಯದಲ್ಲಿ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಕಡಿಯಬೇಕೇ, ಬೇಡವೇ? 2020ರ ಕಾಯ್ದೆ ಹಸು, ಕರು, ಎತ್ತು, ಹೋರಿಗಳ ವಧೆಯನ್ನು ನಿಷೇಧಿಸಿ, 13 ವರ್ಷ ದಾಟಿದ ಎಮ್ಮೆ-ಕೋಣಗಳಿಗೆ ಮಾತ್ರ ಕಸಾಯಿಖಾನೆಯ ದಾರಿ ಬಿಟ್ಟಿತು. ಆ ಕಾಯ್ದೆಯ ಬಗ್ಗೆ ನಿಮ್ಮ ನಿಲುವು ಏನೇ ಇರಲಿ. ಕಾನೂನಿನ ಒಪ್ಪಿಗೆಯೊಂದಿಗೇ ಕಸಾಯಿಖಾನೆಯ ಬಾಗಿಲಿಗೆ ಬಂದ ಎಮ್ಮೆ ಹೇಗೆ ಸಾಯುತ್ತದೆ ಎಂದು ಕೇಳುವವರು ಬಹಳ ಕಡಿಮೆ. ಅದನ್ನು ನೀವು ಕೇಳಬೇಕು ಎಂಬುದೇ ಈ ಮನವಿ.

ಮಾಂಸ ತಿನ್ನದವರಿಗೆ ಮೊದಲು ಒಂದು ಮಾತು. ದೇಶದಲ್ಲಿ ಕರೆಯುವ ಹಾಲಿನಲ್ಲಿ ಅರ್ಧದ ಸಮೀಪ ಎಮ್ಮೆಯದು. ಗಟ್ಟಿ ಮೊಸರು, ತುಪ್ಪ, ಧಾರವಾಡದ ಪೇಡ ಎಲ್ಲದರಲ್ಲೂ ಅದರ ಪಾಲಿದೆ. ಹಾಲು ಬತ್ತಿದ ಎಮ್ಮೆಗೆ ವರ್ಷಗಟ್ಟಲೆ ಮೇವು ಹಾಕುವ ಶಕ್ತಿ ಸಣ್ಣ ರೈತನಿಗಿಲ್ಲ. ಸಂತೆಯಲ್ಲಿ ಕೈ ಬದಲಾಗಿ ಅದು ಲಾರಿ ಹತ್ತುತ್ತದೆ. ಅದರ ಋಣ ಹಾಲು ಕುಡಿದವರ ಮೇಲೂ ಇದೆ, ಮಾಂಸ ತಿನ್ನುವವರ ಮೇಲೂ ಇದೆ.

ಆ ಋಣ ತೀರಿಸಲು ಹೊಸ ಕಾನೂನು ಬೇಕಿಲ್ಲ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನ ಅಥವಾ ಎಮ್ಮೆಗಳನ್ನು ತುಂಬುವಂತಿಲ್ಲ. 2001ರ ಕಸಾಯಿಖಾನೆ ನಿಯಮಗಳು ಇನ್ನೂ ವಿವರವಾಗಿವೆ. ಬಂದ ಪ್ರಾಣಿಯನ್ನು ಪಶುವೈದ್ಯರು ಪರೀಕ್ಷಿಸಬೇಕು. ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ನೋಡುವಂತಿಲ್ಲ. ಗಬ್ಬದ ಪ್ರಾಣಿಯನ್ನು ಕಡಿಯುವಂತಿಲ್ಲ. ಪರೀಕ್ಷೆಯ ಬಳಿಕ 24 ಗಂಟೆ ವಿಶ್ರಾಂತಿ ಕೊಡಬೇಕು. ಒಂದರ ಕಣ್ಣೆದುರು ಇನ್ನೊಂದನ್ನು ಕೊಲ್ಲಬಾರದು. ಪ್ರಜ್ಞೆ ತಪ್ಪಿಸಲು ಪ್ರತ್ಯೇಕ ಜಾಗವನ್ನು ಆದಷ್ಟು ಬೇಗ ಒದಗಿಸಬೇಕು. ಹೀಗೆ ಬರೆದು ಎರಡು ದಶಕ ದಾಟಿತು. ಉಲ್ಲಂಘನೆಗೆ ಅಂಜುವವರು ಕಡಿಮೆ, ಏಕೆಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಹಿಂಸೆಯ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ.

ವಿಶ್ರಾಂತಿಯ ಆ ಒಂದು ದಿನ ಎಮ್ಮೆಗೆ ಬಹಳ ಮುಖ್ಯ. ಅದರ ಚರ್ಮ ಕಪ್ಪು, ಬೆವರು ಗ್ರಂಥಿಗಳು ಹಸುವಿಗಿಂತ ಕಡಿಮೆ. ಬಿಸಿಲಲ್ಲಿ ನಿಂತ ಲಾರಿಯಲ್ಲಿ ಅದು ಬೇಗ ಬಸವಳಿಯುತ್ತದೆ. ಇಳಿದ ಮೇಲೆ ನೀರು, ನೆರಳು, ಜಾರದ ನೆಲ ಸಿಕ್ಕರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಮುಂದೆ ಹೋಗಲು ಅದು ಹಟ ಹಿಡಿದರೆ ಕಾರಣ ಸಾಮಾನ್ಯವಾಗಿ ಕಣ್ಣೆದುರೇ ಇರುತ್ತದೆ: ನೆಲದ ಮೇಲೆ ಹೊಳೆಯುವ ನೀರು, ತೂಗಾಡುವ ಸರಪಳಿ, ಬೆಳಕಿನಿಂದ ಒಮ್ಮೆಲೇ ಕತ್ತಲೆಗೆ ತಿರುಗುವ ದಾರಿ. ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ದಶಕಗಳಿಂದ ಹೇಳುತ್ತಿರುವುದು ಇದನ್ನೇ. ಆ ಅಡ್ಡಿ ತೆಗೆದರೆ ಪ್ರಾಣಿ ತಾನಾಗಿ ನಡೆಯುತ್ತದೆ. ಬಾಲ ತಿರುಚುವ, ಮೂಗುದಾರ ಜಗ್ಗುವ ಅಗತ್ಯ ಬೀಳದು. ಬೆದರಿ ದಣಿದ ಪ್ರಾಣಿಯ ಮಾಂಸವೂ ಕಪ್ಪಾಗಿ ಒಣಗಿ ಬೇಗ ಕೆಡುತ್ತದೆ. ಕಸಾಯಿಖಾನೆಯವರಿಗೂ ಒರಟುತನದಿಂದ ಲಾಭವಿಲ್ಲ.

ಇನ್ನು ಪ್ರಜ್ಞೆ ತಪ್ಪಿಸುವ ವಿಷಯ. ಕತ್ತು ಕೊಯ್ದ ಕುರಿಯ ಪ್ರಜ್ಞೆ ಕೆಲವೇ ಸೆಕೆಂಡುಗಳಲ್ಲಿ ಹೋಗುತ್ತದೆ. ದನದ ಜಾತಿಯಲ್ಲಿ ಬೆನ್ನುಮೂಳೆಯೊಳಗಿನ ರಕ್ತನಾಳಗಳು ಕೊಯ್ತಕ್ಕೆ ಸಿಗದೆ ಮಿದುಳಿಗೆ ರಕ್ತ ಹರಿಸುತ್ತಲೇ ಇರುತ್ತವೆ. ಹಾಗಾಗಿ ಕೆಲವು ಪ್ರಾಣಿಗಳಿಗೆ ಒಂದು ನಿಮಿಷ ಕಳೆದರೂ ಎಚ್ಚರವಿರಬಹುದು. ಕ್ಯಾಪ್ಟಿವ್ ಬೋಲ್ಟ್ ಎಂಬ ಸಾಧನ ತಲೆಗೆ ಕೊಡುವ ಒಂದೇ ಸರಿಯಾದ ಏಟು ಆ ಎಚ್ಚರವನ್ನು ತಕ್ಷಣ ಅಳಿಸುತ್ತದೆ. ಆದರೆ ಎಮ್ಮೆಯ ತಲೆಬುರುಡೆ ದಪ್ಪ. ಹಸುವಿಗೆ ಸಾಕಾಗುವ ಸಾಧನ ಅದಕ್ಕೆ ಸಾಲದೆ ಹೋಗಬಹುದು. ತಕ್ಕ ಸಾಧನ, ದಿನವೂ ಅದರ ಶುದ್ಧಿ, ತರಬೇತಿ ಪಡೆದ ಕೈ, ಇವು ಮೂರೂ ಬೇಕು. ಉಸಿರಾಟದ ಲಯ ನಿಂತಿದೆಯೇ, ಮುಟ್ಟಿದರೆ ಕಣ್ಣು ಮಿಟುಕುತ್ತದೆಯೇ ಎಂದು ನೋಡಿ ಖಚಿತಪಡಿಸಿಕೊಂಡೇ ಮುಂದಿನ ಕೆಲಸಕ್ಕೆ ಕೈ ಹಾಕಬೇಕು.

ಇದು ಯಾವ ಸಮುದಾಯದ ವಿರುದ್ಧದ ಮಾತೂ ಅಲ್ಲ. ಧರ್ಮ ವಿಧಿಸಿದ ರೀತಿಯ ವಧೆಗೆ 1960ರ ಕಾಯ್ದೆಯ 28ನೇ ಕಲಮು ರಕ್ಷಣೆ ಕೊಟ್ಟಿದೆ, ಅದನ್ನು ಗೌರವಿಸೋಣ. ನ್ಯೂಜಿಲೆಂಡಿನಲ್ಲಿ ಹಲಾಲ್ ವಧೆಗೂ ಮುನ್ನ ವಿದ್ಯುತ್ತಿನಿಂದ, ಪ್ರಾಣ ಹೋಗದಂತೆ, ಪ್ರಜ್ಞೆಯನ್ನಷ್ಟೇ ತಪ್ಪಿಸುತ್ತಾರೆ. ಹಾಗೆ ಪಡೆದ ಮಾಂಸವನ್ನು ಹಲಾಲ್ ಎಂದು ಒಪ್ಪುವ ಮುಸ್ಲಿಂ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಆ ಚರ್ಚೆ ನಮ್ಮಲ್ಲೂ ಸಮುದಾಯದ ಒಳಗಿನಿಂದಲೇ, ಪಶುವೈದ್ಯರನ್ನು ಜೊತೆಗಿಟ್ಟುಕೊಂಡು ನಡೆಯಲಿ. ನೀರು, ವಿಶ್ರಾಂತಿ, ಹರಿತವಾದ ಚೂರಿ, ಇನ್ನೊಂದು ಪ್ರಾಣಿಗೆ ಕಾಣದಂತೆ ಮರೆ, ಇವುಗಳ ವಿಷಯದಲ್ಲಂತೂ ಯಾವ ಧರ್ಮಕ್ಕೂ ತಕರಾರಿಲ್ಲ.

ಆದ್ದರಿಂದ ನಿಮ್ಮಲ್ಲಿ ಕೆಲವು ಕೋರಿಕೆಗಳು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು. ನಿಮ್ಮ ಪಾಲಿಕೆಗೋ ಪುರಸಭೆಗೋ ಬರೆದು ಕೇಳಿ: ಊರಿನ ಕಸಾಯಿಖಾನೆಗೆ ಪರವಾನಗಿ ಇದೆಯೇ? ಪಶುವೈದ್ಯರು ಎಷ್ಟು ಜನ? ವಿಶ್ರಾಂತಿಯ ಕೊಟ್ಟಿಗೆ ಎಲ್ಲಿದೆ? ಪ್ರಜ್ಞೆ ತಪ್ಪಿಸುವ ವ್ಯವಸ್ಥೆ ಏನಾಗಿದೆ?

ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕು ಎನ್ನುತ್ತವೆ 2001ರಲ್ಲೇ ಬಂದ ಬೇರೆ ನಿಯಮಗಳು. ನಿಮ್ಮ ಜಿಲ್ಲೆಯ ಸಂಘ ಸಭೆ ಸೇರುತ್ತಿದೆಯೇ ಎಂದು ಜಿಲ್ಲಾಧಿಕಾರಿಗಳನ್ನು ವಿಚಾರಿಸಿ.

ಲಾರಿಯಲ್ಲಿ ಕಿಕ್ಕಿರಿದ ಎಮ್ಮೆಗಳನ್ನು ಕಂಡರೆ ಪೊಲೀಸರಿಗೆ ತಿಳಿಸಿ. ನೀವೇ ಅಡ್ಡಗಟ್ಟಬೇಡಿ, ಚಾಲಕನ ಮೇಲೆ ಕೈ ಮಾಡಬೇಡಿ, ಮಾಡುವವರನ್ನು ತಡೆಯಿರಿ. ಪ್ರಾಣಿಯ ಮೇಲಿನ ಕರುಣೆ ಮನುಷ್ಯನ ರಕ್ತ ಕೇಳುವುದಿಲ್ಲ.

ಮಾಂಸ ಕೊಳ್ಳುವವರು ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ, ಮಾಂಸ ಎಲ್ಲಿಂದ ಬಂತೆಂದು ಕೇಳಿ. ಕಸಾಯಿಖಾನೆಯ ಕೆಲಸಗಾರರಿಗೆ ತರಬೇತಿ, ಒಳ್ಳೆಯ ಉಪಕರಣ, ನ್ಯಾಯವಾದ ಕೂಲಿ ಸಿಗಲೆಂದು ಒತ್ತಾಯಿಸಿ. ಆ ಕೆಲಸವನ್ನು ಅವರ ಮೇಲೆ ಹೊರಿಸಿದವರು ನಾವೇ.

50 ರೂಪಾಯಿಯ ದಂಡವನ್ನು ಏರಿಸುವಂತೆ ನಿಮ್ಮ ಸಂಸದರಿಗೆ ಬರೆಯಿರಿ. ಮುಂದಿನ ವಾರ್ಡ್ ಸಭೆಯಲ್ಲಿ ಕಸಾಯಿಖಾನೆಯ ಹೆಸರೆತ್ತಿ. ಮುಜುಗರವಾದರೂ ಪರವಾಗಿಲ್ಲ, ಉತ್ತರ ಬರುವವರೆಗೆ ಕೇಳಿ. ಜನ ಕೇಳುವ ಊರಿನಲ್ಲಿ ನಿಯಮ ಕಡತದೊಳಗೆ ಮಲಗಿರಲು ಆಗುವುದಿಲ್ಲ.